‘ನಡೆದ ಕಥೆ’ ಎಂದು ಮಾರಿದ ಕಾದಂಬರಿ

ಸುಂದರಬಾಯಿಯವರ ಕಾದಂಬರಿಯ ಕಟ್ಟುಗಳು ಗುಲಬರ್ಗಾದ ಪ್ರೆಸ್ಸಿನಿಂದ ಅಫಜಲಪುರಕ್ಕೆ ಬಂದದ್ದು ಸರಕಾರಿ ಬಸ್ಸಿನ ತಲೆಯ ಮೇಲೆ, ಉಳ್ಳಾಗಡ್ಡಿ ಚೀಲಗಳ ನಡುವೆ. ೧೯೮೪ರ ಯುಗಾದಿ ಆಗಷ್ಟೇ ಮುಗಿದಿತ್ತು. ಕಟ್ಟುಗಳನ್ನು ಇಳಿಸಿಕೊಟ್ಟ ಕಂಡಕ್ಟರು, “ಏನ್ರಿ ಬಾಯಾರ, ಶಾಲಿ ಪುಸ್ತಕ ಈ ವರ್ಷ ಇಷ್ಟು ಲಗೂ ಬಂದಾವು?” ಎಂದ.

“ಶಾಲೀವಲ್ಲಪ್ಪ, ನನ್ನ ಪುಸ್ತಕ.”

“ಅದೇ ಅಂದೆನ್ರಿ ನಾನೂ,” ಎಂದು ಅವನು ಸೀಟಿ ಊದಿದ.

ಸುಂದರಬಾಯಿ ಹೆಣ್ಣುಮಕ್ಕಳ ಶಾಲೆಯ ಮಾಸ್ತರಿಣಿ. ಊರಿಗೆಲ್ಲ ‘ಬಾಯಾರು’. ನಲವತ್ತು ದಾಟಿತ್ತು, ಮಕ್ಕಳಿರಲಿಲ್ಲ. ಗಂಡ ಕಲ್ಯಾಣಪ್ಪ ಬಜಾರದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದರು. ಕಡಿಮೆ ಮಾತಿನ ಮನುಷ್ಯ. ಹೆಂಡತಿ ಐದಾರು ವರ್ಷ ಸಂಜೆಯ ಹೊತ್ತು ಕೂತು ಬರೆದದ್ದನ್ನು ಅವರು ನೋಡಿದ್ದರು, ಏನು ಎಂದು ಕೇಳಿರಲಿಲ್ಲ. ಧಾರವಾಡದ ಪ್ರಕಾಶಕರೊಬ್ಬರು ಹಸ್ತಪ್ರತಿಯನ್ನು ಹಿಂದಕ್ಕೆ ಕಳಿಸಿದಾಗ ಮಾತ್ರ, “ನಾವೇ ಛಾಪಿಸಿದ್ರ ಆಗಂಗಿಲ್ಲೇನು?” ಎಂದಿದ್ದರು. ಹಾಗೆ ಆಯಿತು.

ಕಾದಂಬರಿಯ ಹೆಸರು ‘ತಿರುಗಿ ಬಂದ ಸೊಸೆ’. ಭೀಮೆಯ ದಂಡೆಯ ಒಂದು ಊರು; ದೊಡ್ಡ ಮನೆತನದ ಸೊಸೆ ಸೊಲ್ಲಾಪುರದ ಗಿರಣಿ ಕೆಲಸಗಾರನೊಬ್ಬನ ಜೊತೆ ಹೊಳೆ ದಾಟಿ ಹೋಗುತ್ತಾಳೆ. ವರ್ಷ ತುಂಬುವುದರೊಳಗೆ ಒಬ್ಬಳೇ ತಿರುಗಿ ಬರುತ್ತಾಳೆ. ಅತ್ತೆ ಒಂದು ಮಾತೂ ಕೇಳದೆ ಬಳೆಗಾರ್ತಿಯನ್ನು ಕರೆಸಿ ಕೈತುಂಬ ಹಸಿರು ಬಳೆ ಇಡಿಸುತ್ತಾಳೆ. ಇದು ಯಾರ ಮನೆಯಲ್ಲೂ ನಡೆದದ್ದಲ್ಲ. ಒಂದು ದಿನ ಬಸ್ಸಿನ ಕಿಟಕಿಯಿಂದ, ಆಚೆ ದಂಡೆಯಲ್ಲಿ ನಾವೆಗೆ ಕಾಯುತ್ತ ಒಬ್ಬಳೇ ನಿಂತಿದ್ದ ಹೆಂಗಸನ್ನು ಸುಂದರಬಾಯಿ ಕಂಡಿದ್ದರು. ಅಷ್ಟೇ. ಉಳಿದದ್ದನ್ನೆಲ್ಲ ಅವರು ಕಟ್ಟಿದರು.

ಕಟ್ಟುಗಳು ಒಳಕೋಣೆಯಲ್ಲಿ ಜೋಳದ ಚೀಲಗಳ ಪಕ್ಕ ಕೂತವು. ಪತ್ರಿಕೆಗಳಿಗೆ ಪ್ರತಿ ಕಳಿಸಿದರು. ಯಾರೂ ಒಂದು ಸಾಲು ಬರೆಯಲಿಲ್ಲ. ಬಸ್ ಸ್ಟ್ಯಾಂಡಿನ ಅಂಗಡಿಯವನು ಎರಡು ಪ್ರತಿಯನ್ನು ಪಂಚಾಂಗಗಳ ಹಿಂದೆ ತೂಗುಹಾಕಿದ. ಬಿಸಿಲಿಗೆ ರಟ್ಟು ಬೆಳ್ಳಗಾಯಿತು. ಬೇಸಿಗೆಯ ಮದುವೆಗಳಲ್ಲಿ ಸುಂದರಬಾಯಿ ಉಡುಗೊರೆಯ ಬಟ್ಟೆಯ ಬದಲು ಪುಸ್ತಕವನ್ನೇ ಆಯೇರಿ ಮಾಡತೊಡಗಿದರು. ಮೂರನೆಯ ಮದುವೆಯಲ್ಲಿ ಜೊತೆಗಿದ್ದ ಮಾಸ್ತರಿಣಿ ಕಸ್ತೂರಿಬಾಯಿ ಅವರ ಕೈ ಹಿಡಿದು ಮೂಲೆಗೆ ಎಳೆದರು.

“ಸುಂದರಾ, ನಿನಗ ಬುದ್ಧಿ ಅದನೋ ಇಲ್ಲೋ? ಅಕ್ಷತಿ ಬಿದ್ದು ಇನ್ನಾ ತಾಸಾಗಿಲ್ಲ. ಮದುಮಗಳ ಉಡ್ಯಾಗ ‘ತಿರುಗಿ ಬಂದ ಸೊಸೆ’ ಇಡ್ತಿ! ಬೀಗರು ಓದಿದ್ರ ಇಲ್ಲೇ ಚಪ್ಪರ ಕೀಳ್ತಾರ.”

ಸುಂದರಬಾಯಿ ತಾವೂ ನಕ್ಕರು. ಮನೆಗೆ ಬಂದ ಮೇಲೆ ನಗು ಉಳಿಯಲಿಲ್ಲ. ಒಳಕೋಣೆಗೆ ಹೋಗಬೇಕಾದಾಗಲೆಲ್ಲ ಕಲ್ಯಾಣಪ್ಪ ಕಟ್ಟುಗಳಿಗೆ ಕಾಲು ತಾಗದಂತೆ ಸುತ್ತಿ ಹೋಗುತ್ತಿದ್ದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಸುತ್ತಿ ಹೋಗುವುದನ್ನು ನೋಡಲು ಅವರಿಗೆ ಆಗುತ್ತಿರಲಿಲ್ಲ.

ಮಳೆಗಾಲ ಮುಗಿದು ಟೂರಿಂಗ್ ಟಾಕೀಸಿನ ಡೇರೆ ಊರಿಗೆ ಬಂತು. ಅದರ ಜೊತೆಗೆ ಶರಫುದ್ದೀನನೂ ಬಂದ. ಟಾಂಗಾದ ಮೇಲೆ ಲೌಡ್‌ಸ್ಪೀಕರಿನ ಕರ್ಣ, ಕಾಲಡಿಯಲ್ಲಿ ಬ್ಯಾಟರಿ, ಕೈಯಲ್ಲಿ ಮೈಕು. ಹಗಲೆಲ್ಲ ಓಣಿ ಓಣಿ ತಿರುಗಿ ಸಿನಿಮಾ ಕೂಗುವುದು ಅವನ ಕೆಲಸ. ಅವನ ಕೂಗಿಗೆ ಒಂದು ಕ್ರಮವಿತ್ತು. ಕಥೆಯನ್ನು ಅರ್ಧ ಹೇಳಿ ನಿಲ್ಲಿಸುತ್ತಿದ್ದ. ಆಮೇಲೆ “ಇದು ನಡೆದ ಕಥಿ, ಕಟ್ಟಿದ್ದಲ್ಲ” ಎನ್ನುತ್ತಿದ್ದ. ದೇವರ ಸಿನಿಮಾಕ್ಕೂ ಅದೇ, ಕಳ್ಳರ ಸಿನಿಮಾಕ್ಕೂ ಅದೇ. ಊರವರಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಹೋಗುತ್ತಿದ್ದರು.

ಸುಂದರಬಾಯಿ ಅವನನ್ನು ಮನೆಗೆ ಕರೆಸಿ ಚಹಾ ಕೊಟ್ಟರು. ಅವನು ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿದ. ಕನ್ನಡ ಓದಲು ಅವನಿಗೆ ಬರುತ್ತಿರಲಿಲ್ಲ.

“ಚಿತ್ರ ಒಂದೂ ಇಲ್ಲಲ್ರಿ ಬಾಯಾರ. ಕಥಿ ಹೇಳ್ರಿ, ಕೇಳ್ತೇನಿ.”

ಅವರು ಹೇಳಿದರು. ಶರಫುದ್ದೀನ ಬಶಿಯಲ್ಲಿದ್ದ ಚಹಾ ಆರಿದರೂ ಕುಡಿಯದೆ ಕೇಳಿದ.

“ಖರೇನ ನಡದದ್ದೇನ್ರಿ ಇದು?”

“ಎಲ್ಲೋ ಒಂದು ಕಡೆ ನಡದಿರತದ ಬಿಡು,” ಎಂದರು ಸುಂದರಬಾಯಿ. ಬರೆಯುವವರು ಸಾಮಾನ್ಯವಾಗಿ ಹೇಳುವ ಮಾತು.

“ಬಸ್, ಅಷ್ಟ ಸಾಕು,” ಎಂದು ಅವನು ಒಂದು ಚೀಲ ಪುಸ್ತಕ ತುಂಬಿಕೊಂಡು ಎದ್ದ.

ಮರುದಿನ ಸಂತೆ. ಏಳನೇ ತರಗತಿಯಲ್ಲಿ ಭಾಗಾಕಾರ ಹೇಳುತ್ತಿದ್ದಾಗ ಕಿಟಕಿಯಾಚೆಯಿಂದ ಶರಫುದ್ದೀನನ ದನಿ ಕೇಳಿತು. “ತಾಯಂದಿರೇ, ಅಣ್ಣಂದಿರೇ! ನಮ್ಮ ತಾಲೂಕಿನ ಒಂದು ದೊಡ್ಡ ಮನೆತನದಾಗ ನಡೆದ ಕಥಿ! ಕಟ್ಟಿದ್ದಲ್ಲ, ಕಣ್ಣಾರೆ ಕಂಡು ಬರದದ್ದು! ಸೊಸಿ ಹೊಳಿ ದಾಟಿದಳು. ಯಾರ ಕೂಡ? ತಿರುಗಿ ಬಂದಳು. ಯಾಕ? ಮನೆತನದ ಹೆಸರು ನಾ ಹೇಳಂಗಿಲ್ಲ. ಓದಿ ನೀವೇ ಗುರುತು ಹಿಡೀರಿ!”

ಹುಡುಗಿಯರು ಬಾಯಾರ ಮುಖ ನೋಡಿದರು. ಬೋರ್ಡಿನ ಮೇಲೆ ಬರೆಯುತ್ತಿದ್ದ ಖಡು ಬಾಯಾರ ಕೈಯಲ್ಲಿ ಹಾಗೇ ನಿಂತಿತ್ತು. ಹೊರಗೆ ಹೋಗಿ ಟಾಂಗಾ ನಿಲ್ಲಿಸಿ, “ಹಂಗ ಅನಬ್ಯಾಡೋ” ಎಂದು ಹೇಳಲು ರಸ್ತೆ ದಾಟಿದರೆ ಸಾಕಿತ್ತು. ಅವರು ಲೆಕ್ಕ ಮುಂದುವರಿಸಿದರು.

ಸಂಜೆ ಟಾಂಗಾ ಮನೆಯ ಮುಂದೆ ಬಂದಾಗ ಪುಸ್ತಕದ ಚೀಲ ಖಾಲಿಯಾಗಿತ್ತು. ಕಲ್ಯಾಣಪ್ಪ ಮತ್ತೆ ಎರಡು ಕಟ್ಟುಗಳನ್ನು ತಾವೇ ಹೊತ್ತು ತಂದು ಟಾಂಗಾಕ್ಕೆ ಹಾಕಿದರು. ಡೇರೆ ಜೇವರ್ಗಿಗೆ ಹೋದಾಗ ಅಲ್ಲಿಯ ಸಂತೆಯಲ್ಲೂ ಶರಫುದ್ದೀನ ಅದನ್ನೇ ಕೂಗಿದ. ಇಜೇರಿಯ ಒಕ್ಕಲಿಗರು ಎತ್ತಿನ ಗಾಡಿಯಲ್ಲಿ ಕೂತು ಪುಸ್ತಕ ಓದಿಸಿಕೊಂಡು ಹೋದರೆಂದು ಅವನು ಬಂದು ಹೇಳಿದ. ಸುಂದರಬಾಯಿಗೆ ಆ ದಿನಗಳಲ್ಲಿ ನಿದ್ದೆ ಚೆನ್ನಾಗಿ ಬರುತ್ತಿತ್ತು. ಒಂದು ಮಾತು ಸುಳ್ಳಾದರೆ ಏನು, ಪುಸ್ತಕ ಮನೆಮನೆಗೆ ಹೋಯಿತಲ್ಲ ಎಂದುಕೊಂಡಿದ್ದರು.

ಆ ಕಡೆ ಹಳ್ಳಿಗಳಲ್ಲಿ ಪುಸ್ತಕವನ್ನು ಒಬ್ಬರು ಓದುವುದು, ಹತ್ತು ಮಂದಿ ಕೇಳುವುದು. ಅಫಜಲಪುರ ತಾಲೂಕಿನ ಗೊಬ್ಬೂರಿನ ಒಂದು ಪಡಸಾಲೆಯಲ್ಲಿ ಹಾಗೆ ಓದು ನಡೆದಿದ್ದಾಗ ಬಳೆಗಾರ್ತಿ ಪ್ಯಾರಿಬಿ ಬುಟ್ಟಿ ಇಳಿಸಿ ಕೂತಿದ್ದಳು. ಅತ್ತೆ ಹಸಿರು ಬಳೆ ಇಡಿಸುವ ಭಾಗ ಬಂತು. ಪ್ಯಾರಿಬಿ ತಡೆಯಲಾರದೆ, “ಅಯ್ಯ, ಈ ಬಳಿ ನಾನ ಇಡಿಸೀನವ್ವಾ!” ಎಂದಳು.

“ಯಾರ ಮನ್ಯಾಗ ಬೇ?”

“ಇದೇ ಊರಾಗ, ಜಗದೇವಪ್ಪನ ಮನ್ಯಾಗ. ಅವನ ಹೆಂಡ್ತಿ ಗೌರಾಬಾಯಿ ಹಿಂದಕ್ಕೊಮ್ಮೆ ವರ್ಷ ಕಾಲ ಊರಾಗಿರಲಿಲ್ಲ, ತಿರುಗಿ ಬಂದಳು. ಅವರತ್ತಿ ನನಗ ಹೇಳಿ ಕಳಿಸಿದ್ಳು. ಕೈ ಹಿಡದ್ರ ಬರೇ ಎಲುಬು. ಎಷ್ಟು ಬಳಿ ಏರಿಸಿದ್ರೂ ಜಾರಿ ಬೀಳತಿದ್ದುವು.”

ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ತನ್ನ ಕೈಯೂ ಪುಸ್ತಕದೊಳಗೆ ಬಂದಿದೆ ಎಂಬ ಹಿಗ್ಗು, ಅಷ್ಟೇ. ಆದರೆ ಆ ಪಡಸಾಲೆಯಿಂದ ಎದ್ದು ಹೋದ ಹೆಂಗಸರು ಬೇರೆ ಬೇರೆ ಓಣಿಗೆ ಹೋದರು.

ಗೌರಾಬಾಯಿಯ ಮಗಳು ಮಹಾನಂದಾ ಸುಂದರಬಾಯಿಯ ಕೈಯಲ್ಲಿ ಕಲಿತ ಹುಡುಗಿ. ಆಳಂದದ ತೊಗರಿ ವ್ಯಾಪಾರಿ ಶಾಂತಲಿಂಗಪ್ಪನ ಮಗನಿಗೆ ಅವಳನ್ನು ನೋಡಿ ಒಪ್ಪಿದ್ದರು. ಎರಡೂ ಮನೆಯವರು ಸಕ್ಕರೆ ತಿಂದು ಮಾತು ಗಟ್ಟಿ ಮಾಡುವುದೊಂದೇ ಬಾಕಿಯಿತ್ತು.

ಒಂದು ಮಧ್ಯಾಹ್ನ ಜಗದೇವಪ್ಪ ಶಾಲೆಯ ಬಾಗಿಲಿಗೆ ಬಂದು ನಿಂತ. ತಲೆಗೆ ಸುತ್ತಿದ ಪಟಗಾ ಸರಿಮಾಡಿಕೊಂಡು ಮೆಲ್ಲಗೆ ಮಾತಾಡಿದ.

“ಬಾಯಾರ, ನಿಮ್ಮ ಕೂಡ ನಂದೇನೂ ಜಗಳಿಲ್ರಿ. ಆಳಂದದವ್ರು ಸಕ್ರಿ ಕಾರ್ಯ ಮುಂದಕ ಹಾಕ್ಯಾರ. ಯಾಕ್ರಿ ಅಂತ ಕೇಳಿದ್ರ, ‘ನಿಮ್ಮ ಬಾಯಾರ ಪುಸ್ತಕ ಓದಿ ನೋಡ್ರಿ’ ಅಂತಾರ. ನನಗ ಓದಾಕ ಬರಂಗಿಲ್ಲ. ಅದರಾಗ ಏನು ಬರದೀರಿ, ನೀವೇ ಹೇಳ್ರಿ.”

ಸುಂದರಬಾಯಿ ಬೇವಿನ ನೆರಳಲ್ಲಿ ನಿಂತು, ತಮ್ಮ ಕಾದಂಬರಿಯ ಕಥೆಯನ್ನು ಜಗದೇವಪ್ಪನಿಗೆ ಹೇಳಿದರು. ಅಷ್ಟು ಗಮನವಿಟ್ಟು ಶರಫುದ್ದೀನನೂ ಅದನ್ನು ಕೇಳಿರಲಿಲ್ಲ.

“ಇದು ನಮ್ಮ ಮನೀದಲ್ರಿ,” ಎಂದ ಅವನು ಕೊನೆಗೆ.

“ಯಾರ ಮನೀದೂ ಅಲ್ಲ ಜಗದೇವಪ್ಪ. ನಾನೇ ಕಟ್ಟಿದ್ದು.”

“ಮತ್ತ ಮೈಕಿನ್ಯಾಗ ಖರೇ ಅಂತ ಒದರಿಸಿದ್ರಲ್ರಿ?”

ಸುಂದರಬಾಯಿ ಅವತ್ತೇ ಜೇವರ್ಗಿಗೆ ಹೇಳಿಕಳಿಸಿ ಶರಫುದ್ದೀನನನ್ನು ಕರೆಸಿದರು.

ಮೊದಲು ಅವನನ್ನು ಹಿಡಿದು, “ಈ ಕಥೆ ಕೇವಲ ಕಲ್ಪಿತ, ಯಾರಿಗೂ ಸಂಬಂಧಿಸಿದ್ದಲ್ಲ” ಎಂದು ಕೂಗಿಸಿದರು. ಬಜಾರದಲ್ಲಿ ಜನ ಕೇಳಿ ನಕ್ಕರು. ಪಾನ್ ಅಂಗಡಿಯ ಮಾಳಿಂಗಪ್ಪ ಎಲೆಗೆ ಸುಣ್ಣ ಹಚ್ಚುತ್ತ, “ಸಿನಿಮಾದಾಗೂ ಮೊದಲ ಹಿಂಗ ಬರತದ ನೋಡು. ಯಾರರೆ ಕೋರ್ಟಿಗೆ ಎಳದಾರು ಅಂತ ಹಾಕಿರ್ತಾರ. ಕೇಸಿನ ಹೆದರಿಕಿ ಬಂದದ ಅಂದ್ರ ಖರೇನ ಇರಬೇಕು,” ಎಂದ. ಅಲ್ಲಿಯವರೆಗೆ ಅನುಮಾನವಿದ್ದವರಿಗೂ ಅನುಮಾನ ಉಳಿಯಲಿಲ್ಲ.

ರವಿವಾರ ಸುಂದರಬಾಯಿ ಗೊಬ್ಬೂರಿಗೆ ಹೋದರು. ಮಹಾನಂದಾ ಬಾಗಿಲು ತೆರೆದು, ತಂಬಿಗೆಯಲ್ಲಿ ನೀರು ಕೊಟ್ಟು, ಮಾತಾಡದೆ ಹಿತ್ತಲಿಗೆ ಹೋದಳು. ಗೌರಾಬಾಯಿ ಒಲೆಯ ಮುಂದೆ ಕೂತಿದ್ದಳು. ಬಯ್ಯಲಿಲ್ಲ.

“ಕುಂದರ್ರಿ ಬಾಯಾರ. ನಾ ಆ ವರ್ಷ ಎಲ್ಲಿದ್ದೆ ಅಂತ ಕೇಳಾಕ ಬಂದೀರೇನು? ಸೊಲ್ಲಾಪುರದಾಗ ಇದ್ದೆ. ದವಾಖಾನಿದಾಗ. ಎದಿ ರೋಗ ಆಗಿತ್ತು, ಟಿ.ಬಿ. ತವರಮನಿಗೆ ಹೋಗ್ಯಾಳಂತ ಊರಾಗ ಹೇಳಿದ್ದರು. ಈ ಹುಡುಗಿ ಆಗ ತೊಟ್ಟಿಲದಾಗಿತ್ತು.”

“ಹಂಗಾದ್ರ ಅದನ್ನ ಹೇಳಿಬಿಡೋಣಲ್ಲ ಗೌರವ್ವ? ದವಾಖಾನಿ ಚೀಟಿ ಇದ್ದಾವು…”

ಗೌರಾಬಾಯಿ ಒಲೆ ಊದುವ ಕೊಳವೆ ಕೆಳಗಿಟ್ಟಳು. “ಓಡಿಹೋಗಿದ್ದಳು ಅಂದ್ರ ನನ್ನೊಬ್ಬಾಕಿ ಹೆಸರು ಕೆಡತದ. ಟಿ.ಬಿ. ಅಂದ್ರ ಮಗಳ ಮೈಯಾಗೂ ಅದ ಅಂತಾರ. ಆಳಂದದವ್ರಷ್ಟ ಅಲ್ಲ, ಯಾರೂ ನಮ್ಮ ಹೊಸ್ತಿಲ ತುಳಿಯಂಗಿಲ್ಲ. ಎರಡರಾಗ ಯಾವುದು ಹೇಳಲಿ, ನೀವೇ ಶಾಣ್ಯಾರದೀರಿ, ಹೇಳ್ರಿ.”

ಹಿತ್ತಲಿನಲ್ಲಿ ಮಹಾನಂದಾ ಬಟ್ಟೆ ಒಗೆಯುವ ಸಪ್ಪಳ ನಿಂತಿತ್ತು.

ಸುಂದರಬಾಯಿ ಶಾಲೆಗೆ ರಜೆ ಹಾಕಿ ಆಳಂದದ ಬಸ್ಸು ಹತ್ತಿದರು. ಶಾಂತಲಿಂಗಪ್ಪ ಕೆಟ್ಟ ಮನುಷ್ಯನಲ್ಲ. ಅಂಗಡಿಯ ಗಾದಿಯ ಮೇಲೆ ಕೂರಿಸಿ, ಚಹಾ ತರಿಸಿ, ಎಲ್ಲ ಮಾತು ಕೇಳಿದ. ಪುಸ್ತಕ ಅವನ ಪಕ್ಕದಲ್ಲೇ ಇತ್ತು. ಎರಡು ಕಡೆ ಹಾಳೆಯ ಮೂಲೆ ಮಡಚಿತ್ತು.

“ಬಾಯಾರ, ನಾನು ಪೂರಾ ಓದೀನ್ರಿ. ನಮ್ಮ ಮನ್ಯಾಗಿನವ್ರಿಗೂ ಓದಿ ಹೇಳೀನಿ. ಆ ಸೊಸಿ ಹೊಳೀ ದಂಡಿ ಮ್ಯಾಲೆ ಒಬ್ಬಾಕೇ ನಿಂತಿರತಾಳಲ್ರಿ, ಅದನ್ನ ಓದುವಾಗ ನನ್ನ ಕಣ್ಣಾಗ ನೀರು ಬಂತು. ಕಾಣದ್ದನ್ನ ಯಾರೂ ಹಂಗ ಬರಿಯಾಕ ಆಗಂಗಿಲ್ರಿ.”

“ಆಗತದ್ರಿ. ಅದೇ ನನ್ನ ಕೆಲಸ.”

ಒಳಬಾಗಿಲ ಹಿಂದಿನಿಂದ ಅವನ ಹೆಂಡತಿ ಕಾಶಿಬಾಯಿಯ ದನಿ ಬಂತು. “ಸುಳ್ಳ ಬರಿಯಾಕ ಶಾಲಿ ಕಲಿಬೇಕೇನ್ರಿ ಬಾಯಾರ?”

“ನೀ ಸುಮ್ಮನಿರು ಬೇ,” ಎಂದು ಶಾಂತಲಿಂಗಪ್ಪ ಮುಂದಕ್ಕೆ ಬಾಗಿದ. “ನೋಡ್ರಿ, ಹುಡುಗಿ ಬಂಗಾರದಂಥಾಕಿ, ನನಗೂ ಗೊತ್ತದ. ಜಗದೇವಪ್ಪಂದಲ್ಲ ಅಂತೀರಿ. ಸೈ, ನಂಬತೇನಿ. ಮತ್ತ ಯಾರದು? ಬರದಾಕಿ ನೀವು, ನಿಮಗ ಗೊತ್ತಿರಬೇಕಲ್ಲ. ಒಂದು ಹೆಸರು ಹೇಳ್ರಿ. ನಾಳೇನ ಗೊಬ್ಬೂರಿಗೆ ಬಂದು ಸಕ್ರಿ ತಿಂತೇವಿ.”

ಯಾರದೂ ಅಲ್ಲ ಎಂಬುದು ಆ ಅಂಗಡಿಯಲ್ಲಿ ಉತ್ತರವಾಗಿರಲಿಲ್ಲ. ಒಂದು ಮನೆ ಬಿಡುಗಡೆಯಾಗಬೇಕಾದರೆ ಇನ್ನೊಂದು ಮನೆ ಬೇಕಿತ್ತು. ಸುಂದರಬಾಯಿ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಮದುವೆಯಾದ ಎರಡನೆಯ ವರ್ಷ ಅವರು ಶಿಕ್ಷಕಿಯರ ಟ್ರೇನಿಂಗಿಗೆಂದು ವಿಜಾಪುರದಲ್ಲಿ ಇದ್ದರು. ಗಂಡನ ಮನೆಯಿಂದ ದೂರ ಇದ್ದ ವರ್ಷ ಅದೊಂದೇ.

“ನಂದ್ರಿ,” ಎಂದರು. “ಟ್ರೇನಿಂಗಿಗೆ ಹೋಗೀನಂತ ಊರಾಗ ಹೇಳಿದ್ವಿ.”

ಒಳಬಾಗಿಲ ಹಿಂದೆ ಬಳೆ ಸದ್ದಾಯಿತು. ಶಾಂತಲಿಂಗಪ್ಪ ಪುಸ್ತಕವನ್ನು ಮೆಲ್ಲಗೆ ಎತ್ತಿ ಗಾದಿಯ ಆ ಕಡೆಗೆ ಇಟ್ಟ. ಆಮೇಲೆ ಅವರ ಮುಖ ನೋಡಲಿಲ್ಲ.

“ದೊಡ್ಡ ಮನಸು ಮಾಡಿದ್ರಿ. ಆದ್ರ ನನಗೊಬ್ಬನಿಗೆ ಗೊತ್ತಾದ್ರ ಏನಾತ್ರಿ? ನಾಳೆ ನಮ್ಮ ಬಳಗದವ್ರು ಕೇಳ್ತಾರ. ಮೈಕಿನ್ಯಾಗ ಕೆಟ್ಟದ್ದು ಮೈಕಿನ್ಯಾಗೇ ನೆಟ್ಟಗಾಗಬೇಕ್ರಿ.”

ಮನೆಗೆ ಬಂದ ಸುಂದರಬಾಯಿ ಕಲ್ಯಾಣಪ್ಪನಿಗೆ ಎಲ್ಲ ಹೇಳಿದರು. ಹೇಳಬೇಕಾದದ್ದನ್ನು ಬಸ್ಸಿನಲ್ಲಿ ಅನೇಕ ಸಲ ಜೋಡಿಸಿಕೊಂಡಿದ್ದರು, ಆದರೂ ಮಾತು ತಡವರಿಸಿತು. ಇದರಿಂದ ಅವರು ಒಬ್ಬರೇ ಅಲ್ಲ, ಗಂಡನೂ ಬಜಾರಿನ ಬಾಯಿಗೆ ಬೀಳುತ್ತಿದ್ದರು: ಓಡಿಹೋದ ಹೆಂಡತಿಯನ್ನು ತಿರುಗಿ ಕರೆದುಕೊಂಡ ಗಂಡಸು.

ಕಲ್ಯಾಣಪ್ಪ ಅಂಗಿಯ ಗುಂಡಿಯನ್ನು ತಿರುವಿದರು. “ನೀ ವಿಜಾಪುರದಾಗ ಇದ್ದದ್ದು ನನಗ ಗೊತ್ತದ,” ಎಂದರು. “ನಾನೇ ಬಂದು ಟ್ರಂಕು ಇಟ್ಟು ಹೋಗಿದ್ದೆ. ಮಂದಿ ಏನರೆ ಅನ್ಲಿ. ಆ ಹುಡುಗಿ ಮದಿವಿ ಆಗ್ಲಿ.”

ಮುಂದಿನ ಸಂತೆಯ ದಿನ ಶರಫುದ್ದೀನ ಟಾಂಗಾ ತಂದು ನಿಲ್ಲಿಸಿದ. ಏನು ಕೂಗಬೇಕೆಂದು ತಿಳಿದ ಮೇಲೆ ಕೆಳಗಿಳಿದುಬಿಟ್ಟ.

“ಇದು ನನ್ನ ಬಾಯಿಲೆ ಆಗಂಗಿಲ್ರಿ ಬಾಯಾರ. ಹೊಟ್ಟಿಗೆ ಸಾವಿರ ಸುಳ್ಳ ಹೇಳೀನಿ. ಇದು ಬ್ಯಾಡ್ರಿ, ಅಲ್ಲಾನ ಆಣಿ.”

“ಸುಳ್ಳ ಅಂತ ನಿನಗ ಹೆಂಗ ಗೊತ್ತು?”

“ನಾ ಕೇಳಿದ ದಿನ ಎಲ್ಲೋ ನಡದಿರತದ ಅಂದಿದ್ರಲ್ರಿ. ತಮ್ಮದನ್ನ ಹೇಳಾವರು ಹಂಗ ಹೇಳ್ತಾರೇನ್ರಿ?”

ಆ ತಾಲೂಕಿನಲ್ಲಿ ಆ ಕಥೆ ಕಟ್ಟಿದ್ದೆಂದು ಮೊದಲು ನಂಬಿದವನು ಅವನೇ. ಸುಂದರಬಾಯಿ ಅವನ ಕೈಯಿಂದ ಮೈಕು ತೆಗೆದುಕೊಂಡು ತಾವೇ ಟಾಂಗಾ ಹತ್ತಿದರು. ಬಜಾರದ ನಡುವೆ, ಗಂಡನ ಅಂಗಡಿಯಿಂದ ನಾಲ್ಕು ಅಂಗಡಿ ಆಚೆ ಟಾಂಗಾ ನಿಂತಿತು. ಪಾಠ ಓದಿಸುವ ದನಿಯಲ್ಲೇ ಅವರು ಹೇಳಿದರು: “ನಾನು ಸುಂದರಬಾಯಿ. ‘ತಿರುಗಿ ಬಂದ ಸೊಸೆ’ ನನ್ನ ಸ್ವಂತದ ಕಥೆ. ಗೊಬ್ಬೂರಿನ ಯಾವ ಮನೆಗೂ ಇದಕ್ಕೂ ಸಂಬಂಧವಿಲ್ಲ.” ಮತ್ತೊಮ್ಮೆ ಹೇಳಿದರು. ಉಳ್ಳಾಗಡ್ಡಿ ತೂಗುತ್ತಿದ್ದವರು ತಕ್ಕಡಿ ಹಿಡಿದೇ ನಿಂತರು. ಯಾರೋ ಸಿಳ್ಳು ಹಾಕಿದರು. ಕಲ್ಯಾಣಪ್ಪ ಗಿರಾಕಿಯೊಬ್ಬನಿಗೆ ಹತ್ತಿಯ ಬೀಜ ಅಳೆದು ಕೊಡುತ್ತಿದ್ದರು. ತಲೆ ಎತ್ತದೆ ಅಳತೆ ಮುಗಿಸಿದರು.

ಉಳಿದ ಪ್ರತಿಗಳು ಆ ವಾರದಲ್ಲೇ ಖರ್ಚಾದವು. ಮತ್ತೊಮ್ಮೆ ಅಚ್ಚು ಹಾಕೋಣವೇ ಎಂದು ಗುಲಬರ್ಗಾದ ಪ್ರೆಸ್ಸಿನವರು ಹೇಳಿಕಳಿಸಿದರು. ಬೇಡ ಎಂದರು ಸುಂದರಬಾಯಿ. ಕೆಲವು ಮನೆಯವರು ಹೆಣ್ಣುಮಕ್ಕಳನ್ನು ಅವರ ತರಗತಿಯಿಂದ ಬಿಡಿಸಿದರು. ಕಸ್ತೂರಿಬಾಯಿ ಮೊದಲಿನಂತೆಯೇ ಡಬ್ಬಿ ಹಂಚಿಕೊಂಡು ಉಣ್ಣುತ್ತಿದ್ದರು, ಆದರೆ ಹೊರಗಿನವರು ಬಂದರೆ ಮಾತು ನಿಲ್ಲಿಸುತ್ತಿದ್ದರು. ಮಹಾನಂದಾಳ ಮದುವೆ ಮಾಘದಲ್ಲಿ ಆಳಂದದಲ್ಲಿ ನಡೆಯಿತು. ಗೌರಾಬಾಯಿ ಲಗ್ನಪತ್ರಿಕೆ ಕಳಿಸಿದಳು; ಕರೆಯಲು ಬರಲಿಲ್ಲ. ಬೀಗರ ಮುಂದೆ ಬಾಯಾರು ಕಾಣಿಸಿಕೊಳ್ಳದಿರುವುದೇ ಒಳ್ಳೆಯದೆಂದು ಎರಡೂ ಕಡೆ ತಿಳಿದಿತ್ತು. ಸುಂದರಬಾಯಿ ಜೇವರ್ಗಿಗೆ ವರ್ಗ ಕೇಳಿ ತೆಗೆದುಕೊಂಡರು. ಕಲ್ಯಾಣಪ್ಪ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಜೊತೆಗೆ ಹೋದರು. ಆ ಬಳಿಕ ಸುಂದರಬಾಯಿ ಏನೂ ಬರೆಯಲಿಲ್ಲ.

ಜೇವರ್ಗಿಯಲ್ಲಿ ಆರೇಳು ವರ್ಷ ಸದ್ದಿಲ್ಲದೆ ಕಳೆದವು. ೧೯೯೧ರ ಒಂದು ಬೆಳಿಗ್ಗೆ ಸುಂದರಬಾಯಿ ರೊಟ್ಟಿ ಬಡಿಯುತ್ತಿದ್ದರು, ಕಲ್ಯಾಣಪ್ಪ ಎದುರಿಗೆ ಮಣೆಯ ಮೇಲೆ ಉಣ್ಣುತ್ತಿದ್ದರು. ಪುಂಡಿಪಲ್ಲೆಗೆ ಉಪ್ಪು ಸಾಕೆಂದು ಹೇಳಿದ ದನಿಯಲ್ಲೇ ಅವರು ಕೇಳಿದರು:

“ಟ್ರೇನಿಂಗಿನ ವರ್ಷ ದೀಪಾವಳಿಗೆ ನೀ ಯಾಕ ಬಂದಿರಲಿಲ್ಲ?”

ಹೆಂಚಿನ ಮೇಲಿನ ರೊಟ್ಟಿ ಉಬ್ಬಿ ನಿಂತಿತ್ತು. ಸುಂದರಬಾಯಿ ಅದನ್ನು ತಿರುವಿ ಹಾಕಿದರು. ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ. ಬಹಳ ದಿನ ಬಾಯಿಯಲ್ಲಿಟ್ಟುಕೊಂಡು ನುಣುಪಾದ ಪ್ರಶ್ನೆ ಅದು.

“ಜ್ವರ ಬಂದಿತ್ತಲ್ರಿ. ಹಾಸ್ಟೆಲಿನ ಹುಡುಗ್ಯಾರೆಲ್ಲ ಊರಿಗೆ ಹೋಗಿದ್ದರು, ಅಡಗಿ ಮಾಡೋ ಮುದುಕಿ ಒಬ್ಬಾಕೇ ಇದ್ದಳು. ಆಕೀನ ಗಂಜಿ ಮಾಡಿ ಕೊಟ್ಟಳು. ಹಣತಿ ಹಚ್ಚಿಟ್ಟು, ಹೊರಸಿನ ಮ್ಯಾಲೆ ಮಲಗಿಕೊಂಡೇ ನೋಡಿದ್ದೆ…”

ನಡೆದದ್ದು ಹಾಗೆಯೇ. ಆದರೆ ಮುದುಕಿ, ಗಂಜಿ, ಹಣತೆ ಒಂದೊಂದೂ ಬಾಯಿಂದ ಹೊರಬಿದ್ದಂತೆ, ಯಾರೋ ಕೂತು ಕಟ್ಟಿದ ಮಾತಿನಂತೆ ಅವರ ಕಿವಿಗೇ ಕೇಳತೊಡಗಿತು. ಅವರು ಅಲ್ಲಿಗೇ ನಿಲ್ಲಿಸಿದರು.

“ಹೂಂ,” ಎಂದರು ಕಲ್ಯಾಣಪ್ಪ. “ಇನ್ನೊಂದು ರೊಟ್ಟಿ ಹಾಕು.”